ಗುಳೆ ಹೋದವರ ಮನೆ ಯಾವುದು?

ಇತ್ತೀಚೆಗೆ ನಮ್ಮ ಭಾಗದ ಮೊಬೈಲ್‌ಗಳಲ್ಲಿ ಒಂದು ಬಗೆಯ ವಿಡಿಯೊ ಬಹಳ ಓಡಾಡುತ್ತಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ‘ಸ್ಕಿಡ್ ರೋ’ ಎಂಬ ಬೀದಿ. ಎರಡೂ ಕಡೆ ಸಾಲು ಸಾಲು ಟೆಂಟ್. ತಳ್ಳುಗಾಡಿಯಲ್ಲಿ ತಮ್ಮ ಇಡೀ ಸಂಸಾರ ತುಂಬಿಕೊಂಡು ಹೋಗುವ ಗಂಡಸರು, ಹೆಂಗಸರು. ಹಿಂದೆ ಕಾಣುವುದು ಮುಗಿಲೆತ್ತರದ ಕಟ್ಟಡ. ಅಲ್ಲಿಗೆ ನೌಕರಿಗೆ ಹೋದ ನಮ್ಮ ಕನ್ನಡದ ಹುಡುಗರೇ ಇಂಥ ವಿಡಿಯೊ ಮಾಡಿ ಕಳಿಸುತ್ತಾರೆ. ಸಿಂಧನೂರಿನ ಹೋಟೆಲುಗಳಲ್ಲಿ, ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ, ಮಸ್ಕಿಯ ಚಹಾ ಅಂಗಡಿಯಲ್ಲಿ ಮಂದಿ ಅದನ್ನು ನೋಡಿ ಎರಡು ಮಾತು ಹೇಳುತ್ತಾರೆ.

ಒಂದು: “ನೋಡ್ರಿ, ಅಷ್ಟು ಶ್ರೀಮಂತ ದೇಶದಾಗ ಮಂದಿ ಬೀದಿಗೆ ಬಿದ್ದಾರ. ನಮ್ಮಲ್ಲಿ ಹಂಗಿಲ್ಲ, ಹೆಂಗೋ ಒಂದು ಗುಡಿಸಲರ ಇರ್ತದ.”

ಎರಡು: “ಸರ್ಕಾರ ಕುಂದ್ರಿಸಿ ಉಣ್ಣಾಕ ಹಾಕಿದ್ರ ಮಂದಿ ಹಿಂಗಾ ಆಗೋದು. ನಮ್ಮ ಗ್ಯಾರಂಟಿನೂ ಹಂಗಾ.”

ಈ ಎರಡೂ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ನಮ್ಮ ಮಂದಿಯನ್ನೇ ಮರೆತು ಆಡುವ ಮಾತು. ಎರಡನೆಯದು ಅಮೆರಿಕವನ್ನೂ ನಮ್ಮನ್ನೂ ಸರಿಯಾಗಿ ನೋಡದೆ ಆಡುವ ಮಾತು. ಯಾಕೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಅಲ್ಲಿ ಮಂದಿ ಬೀದಿಗೆ ಬಿದ್ದದ್ದು ಯಾಕೆ?

ಅಮೆರಿಕದಲ್ಲಿ ಪ್ರತಿ ವರ್ಷ ಜನವರಿ ತಿಂಗಳ ಒಂದು ರಾತ್ರಿ ಮನೆಯಿಲ್ಲದವರನ್ನು ಎಣಿಸುತ್ತಾರೆ. ಬೀದಿಯಲ್ಲಿ, ಕಾರಿನಲ್ಲಿ, ಟೆಂಟಿನಲ್ಲಿ ಮಲಗಿದವರ ಜೊತೆಗೆ ಸರ್ಕಾರದ, ಸಂಘ ಸಂಸ್ಥೆಗಳ ಆಶ್ರಯ ಕೇಂದ್ರದಲ್ಲಿ ಇರುವವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. 2024ರ ಎಣಿಕೆಯಲ್ಲಿ ಸಿಕ್ಕ ಸಂಖ್ಯೆ 7,71,480. ಹಿಂದಿನ ವರ್ಷಕ್ಕಿಂತ ಇದು ಶೇ 18ರಷ್ಟು ಹೆಚ್ಚು.

ಇವರೆಲ್ಲ ಸೋಮಾರಿಗಳು, ಕುಡುಕರು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ ವೆಸ್ಟ್ ವರ್ಜೀನಿಯಾ ಎಂಬ ಬಡ ರಾಜ್ಯ ಇದೆ. ಕಲ್ಲಿದ್ದಲು ಗಣಿಗಳ ನಾಡು. ಅಮಲಿನ ಔಷಧಿಯಿಂದ ಸಾಯುವವರ ಪ್ರಮಾಣ ಅಲ್ಲಿ ಬಹಳ ಹೆಚ್ಚು. ಆದರೂ ಮನೆಯಿಲ್ಲದವರು ಅಲ್ಲಿ ಕಡಿಮೆ. ಕ್ಯಾಲಿಫೋರ್ನಿಯಾ ಶ್ರೀಮಂತ ರಾಜ್ಯ. ಮೊಬೈಲಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಅಲ್ಲೇ ಇವೆ. ಮನೆಯಿಲ್ಲದವರು ಅಲ್ಲಿ ಅತಿ ಹೆಚ್ಚು. ವ್ಯತ್ಯಾಸ ಎಲ್ಲಿದೆ? ಬಾಡಿಗೆಯಲ್ಲಿದೆ. ಬಡ ರಾಜ್ಯದಲ್ಲಿ ಕೂಲಿಯವನಿಗೂ ಒಂದು ಕೋಣೆ ಸಿಗುತ್ತದೆ. ಶ್ರೀಮಂತ ನಗರದಲ್ಲಿ ದಿನವೂ ದುಡಿಯುವವನಿಗೂ ಕೋಣೆ ಸಿಗುವುದಿಲ್ಲ. ಕೆಲಸ ಮುಗಿಸಿ ಕಾರಿನಲ್ಲಿ ಮಲಗುವವರು ಅಲ್ಲಿ ಬಹಳ ಮಂದಿ ಇದ್ದಾರೆ.

ಕುಡಿತ, ಚಟ, ಮನಸ್ಸಿನ ಕಾಯಿಲೆ ಇಲ್ಲವೆಂದಲ್ಲ. ಅವೆಲ್ಲ ಇವೆ. ಬೀದಿಗೆ ಬಿದ್ದ ಮೇಲೆ ಹೆಚ್ಚಾಗುತ್ತವೆ ಕೂಡ. ಆದರೆ ಚಟ ಇರುವ ಮನುಷ್ಯ ನಮ್ಮೂರಲ್ಲೂ ಇದ್ದಾನೆ, ಅವನಿಗೆ ಅಪ್ಪ ಕಟ್ಟಿದ ಮನೆಯೊಂದು ಇದೆ. ಅಲ್ಲಿಯವನಿಗೆ ಅದೂ ಇಲ್ಲ.

ಇನ್ನು ‘ಸರ್ಕಾರ ಕುಂದ್ರಿಸಿ ಉಣ್ಣಾಕ ಹಾಕಿದ್ದಕ್ಕೆ ಹೀಗಾಯ್ತು’ ಎಂಬ ಮಾತು. ಹಾಗಿದ್ದರೆ ಬಡವರಿಗೆ ಅತಿ ಹೆಚ್ಚು ನೆರವು ಕೊಡುವ ದೇಶದಲ್ಲಿ ಬೀದಿ ತುಂಬಾ ಮಂದಿ ಮಲಗಿರಬೇಕಿತ್ತು. ಫಿನ್ಲೆಂಡ್ ದೇಶ ನೋಡಿ. 2008ರಿಂದ ಆ ಸರ್ಕಾರ ಒಂದು ನೀತಿ ಹಿಡಿಯಿತು. ಬೀದಿಯಲ್ಲಿ ಇರುವವನಿಗೆ ‘ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಕೊಡುತ್ತೇವೆ’ ಎಂದು ಹೇಳಲಿಲ್ಲ. ‘ಮೊದಲು ಮನೆ ತಗೋ, ಉಳಿದದ್ದು ಆಮೇಲೆ ನೋಡೋಣ’ ಎಂದಿತು. ಆಗ ಸುಮಾರು 8 ಸಾವಿರ ಇದ್ದ ಮನೆಯಿಲ್ಲದವರ ಸಂಖ್ಯೆ 2023ರ ಹೊತ್ತಿಗೆ ಮೂರೂವರೆ ಸಾವಿರದ ಒಳಗೆ ಬಂತು. 2024ರಲ್ಲಿ ಮತ್ತೆ ತುಸು ಏರಿದೆ. ಅದಕ್ಕೂ ಮುಂಚೆ ಅಲ್ಲಿಯ ಸರ್ಕಾರ ಬಡವರ ನೆರವಿಗೆ ಕತ್ತರಿ ಹಾಕಿತ್ತು ಎಂಬುದನ್ನೂ ನೆನಪಿಡಿ.

ಇಂಗ್ಲೆಂಡಿನಲ್ಲಿ 1977ರಿಂದಲೇ ಒಂದು ಕಾಯ್ದೆ ಇದೆ. ಮಕ್ಕಳೊಂದಿಗೆ ಮನೆ ಕಳೆದುಕೊಂಡ ಕುಟುಂಬಕ್ಕೆ ನೆಲೆ ಒದಗಿಸುವುದು ಅಲ್ಲಿಯ ಸ್ಥಳೀಯ ಆಡಳಿತದ ಕರ್ತವ್ಯ. ಅಂಥ ತಾತ್ಕಾಲಿಕ ನೆಲೆಯಲ್ಲಿ ಇರುವ ಕುಟುಂಬಗಳು ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಅವರ ತಲೆಯ ಮೇಲೆ ಸೂರು ಇದ್ದರೂ ಅಲ್ಲಿಯ ಕಾನೂನು ಅವರನ್ನು ‘ಮನೆಯಿಲ್ಲದವರು’ ಎಂದೇ ಕರೆಯುತ್ತದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮವರು ಲೆಕ್ಕದಲ್ಲಿ ಎಲ್ಲಿದ್ದಾರೆ?

ನಮ್ಮ ದೇಶದಲ್ಲಿ 2011ರ ಜನಗಣತಿ ಪ್ರಕಾರ ಮನೆಯಿಲ್ಲದವರು ಸುಮಾರು 17.7 ಲಕ್ಷ. ಇಷ್ಟು ದೊಡ್ಡ ದೇಶಕ್ಕೆ ಇದು ಸಣ್ಣ ಸಂಖ್ಯೆ. ಯಾಕೆ ಸಣ್ಣದು ಎಂದರೆ ಎಣಿಸುವ ರೀತಿಯೇ ಬೇರೆ. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪಿನೊಳಗೆ, ಮೇಲ್ಸೇತುವೆ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ, ಗುಡಿಯ ಬಯಲಿನಲ್ಲಿ ಮಲಗುವವರನ್ನು ಮಾತ್ರ ಮನೆಯಿಲ್ಲದವರು ಎನ್ನುತ್ತಾರೆ. 2011ರ ಫೆಬ್ರವರಿ 28ರ ಒಂದು ರಾತ್ರಿಯಲ್ಲಿ ಅವರನ್ನು ಎಣಿಸಿದರು. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೂ ಅದು ಜನಗಣತಿಯ ಪಟ್ಟಿಯಲ್ಲಿ ‘ಮನೆ’. ಚಾವಣಿ ಯಾವುದರದ್ದು ಎಂದು ಕೇಳುವ ಕಾಲಂನಲ್ಲಿ ಪ್ಲಾಸ್ಟಿಕ್ ಎಂದೇ ಒಂದು ಉತ್ತರ ಇದೆ.

ಈಗ ಬೆಂಗಳೂರಿನ ಹೊರವಲಯಕ್ಕೆ ಬನ್ನಿ. ಮಾರತ್ತಹಳ್ಳಿ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೆಣ್ಣೂರು, ಯಲಹಂಕ ಕಡೆ ಹೋದವರಿಗೆ ಗೊತ್ತು. ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಜಾಗದಲ್ಲಿ ನೀಲಿ ತಾಡಪತ್ರಿ ಹೊದ್ದ ಶೆಡ್‌ಗಳ ಸಾಲು. ಅಲ್ಲಿ ಹೋಗಿ ‘ಯಾವೂರ್ರಿ’ ಎಂದು ಕೇಳಿದರೆ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಎಂಬ ಉತ್ತರ ಬರುತ್ತದೆ. ಇನ್ನಷ್ಟು ಕೇಳಿದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ, ದೇವದುರ್ಗ ಎನ್ನುತ್ತಾರೆ. ಶೆಡ್ಡಿನೊಳಗೆ ನಿಂತರೆ ತಲೆ ತಾಗುತ್ತದೆ. ಬೇಸಿಗೆಯಲ್ಲಿ ಒಳಗೆ ಕೂಡಲಾಗದ ಕಾವು, ಮಳೆ ಬಂದರೆ ನೆಲವೆಲ್ಲ ಕೆಸರು. ನೀರಿಗೆ ಟ್ಯಾಂಕರ್ ಅಥವಾ ಕೊಡಕ್ಕಿಷ್ಟು ಎಂದು ರೊಕ್ಕ. ಹೆಣ್ಣುಮಕ್ಕಳು ಬಯಲಿಗೆ ಹೋಗಲು ಕತ್ತಲಾಗುವುದನ್ನೇ ಕಾಯಬೇಕು. ಆ ಜಾಗಕ್ಕೂ ಎಷ್ಟೋ ಕಡೆ ಬಾಡಿಗೆ ಕೊಡುತ್ತಾರೆ.

ಅಮೆರಿಕದ ಲೆಕ್ಕದಲ್ಲಿ, ಮನುಷ್ಯರ ವಾಸಕ್ಕೆ ಯೋಗ್ಯವಲ್ಲದ ಜಾಗದಲ್ಲಿ ಮಲಗುವವನು ಮನೆಯಿಲ್ಲದವನು. ಇಂಗ್ಲೆಂಡಿನ ಲೆಕ್ಕದಲ್ಲಿ ತಾತ್ಕಾಲಿಕ ನೆಲೆಯಲ್ಲಿ ಇರುವವನೂ ಮನೆಯಿಲ್ಲದವನು. ಆ ಲೆಕ್ಕ ಹಿಡಿದು ಎಣಿಸಿದರೆ ಬೆಂಗಳೂರಿನ ಶೆಡ್‌ನಲ್ಲಿರುವ ನಮ್ಮ ಕಾಕಾ, ಚಿಗವ್ವ, ಅಣ್ಣ ತಮ್ಮಂದಿರೆಲ್ಲ ಮನೆಯಿಲ್ಲದವರೇ. ‘ನಮ್ಮಲ್ಲಿ ಹಂಗಿಲ್ಲ’ ಎನ್ನುವ ಮಾತು ಇಲ್ಲಿ ಬಿದ್ದುಹೋಗುತ್ತದೆ. ನಾವು ಎಣಿಸಿಲ್ಲ, ಅಷ್ಟೇ.

ಇದಕ್ಕೊಂದು ಎದುರು ಮಾತು ಇದೆ, ಅದನ್ನೂ ಕೇಳೋಣ. ‘ಅವರಿಗೆ ಊರಲ್ಲಿ ಮನೆ ಇದೆಯಲ್ಲ?’ ಹೌದು, ಬಹಳ ಮಂದಿಗೆ ಇದೆ. ಗುಳೆಯ ದುಡ್ಡಿನಲ್ಲೇ ಆರ್‌ಸಿಸಿ ಮನೆ ಕಟ್ಟಿಸಿದವರೂ ಇದ್ದಾರೆ. ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿ, ತಾಂಡಾಗಳಲ್ಲಿ ಸಂಕ್ರಾಂತಿ ಮುಗಿದ ಮೇಲೆ ಓಣಿ ಹಿಡಿದು ನಡೆದರೆ ಎಷ್ಟೋ ಹೊಸ ಮನೆಗಳಿಗೆ ಬೀಗ. ಕಟ್ಟೆಯ ಮೇಲೆ ಮುದುಕರು, ಅವರ ಕಾಲಬುಡದಲ್ಲಿ ಮೊಮ್ಮಕ್ಕಳು. ಆದರೆ ವರ್ಷದಲ್ಲಿ ಎಂಟು ತಿಂಗಳು ಬೀಗ ಹಾಕಿದ ಮನೆ ಯಾರಿಗೆ ಮನೆ? ಮನೆ ಇದ್ದ ಕಡೆ ಕೂಲಿ ಇಲ್ಲ, ಕೂಲಿ ಇದ್ದ ಕಡೆ ಮನೆ ಇಲ್ಲ. ಮುದಗಲ್ ಮೊಹರಂಗೆ, ಅಂಬಾಮಠದ ಜಾತ್ರೆಗೆ, ಮತ್ತೆ ಓಟಿನ ದಿನ ಊರಿಗೆ ಬಂದು ಬೀಗ ತೆಗೆಯುತ್ತಾರೆ. ಓಟಿನ ದಿನ ಕರೆತರಲು ಗಾಡಿಗಳು ಹೋಗುತ್ತವೆ. ಆವತ್ತು ಮಾತ್ರ ಅವರ ಶೆಡ್ಡಿನ ವಿಳಾಸ ಎಲ್ಲರಿಗೂ ಸಿಗುತ್ತದೆ.

ಲಾಕ್‌ಡೌನ್ ತೋರಿಸಿದ್ದು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ‘ಎಲ್ಲರೂ ಮನೆಯಲ್ಲೇ ಇರಿ’ ಎಂದರು. ಶೆಡ್‌ನಲ್ಲಿ ಇದ್ದವರಿಗೆ ಅಂದು ಒಂದು ಪ್ರಶ್ನೆ ಎದ್ದಿತು: ಯಾವ ಮನೆ? ಕೆಲಸ ನಿಂತಿತು, ಮೇಸ್ತ್ರಿ ಫೋನ್ ಎತ್ತಲಿಲ್ಲ, ಬಸ್ಸಿಲ್ಲ, ರೈಲಿಲ್ಲ. ನಡೆದರು. ಆ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನಿಂದ ಸಿಂಧನೂರು ಕಡೆಗೆ ನಡೆದು ಹೊರಟಿದ್ದ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳು ಊರು ಮುಟ್ಟಲಿಲ್ಲ. ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಳು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಆಮೇಲೆ ಮರೆತೇಹೋಯಿತು. ನಮ್ಮ ತಾಲ್ಲೂಕಿನವರಾದರೂ ಅದನ್ನು ಮರೆಯಬಾರದು.

ಮೇ ತಿಂಗಳ ಮೊದಲಲ್ಲಿ ಊರಿಗೆ ಹೋಗಲು ಬಸ್ ಬಿಟ್ಟಾಗ ಮೊದಲು ದುಪ್ಪಟ್ಟಿಗಿಂತಲೂ ಹೆಚ್ಚು ದರ ಕೇಳಿದರು. ಗದ್ದಲ ಆದ ಮೇಲೆ ಪುಕ್ಕಟೆ ಮಾಡಿದರು. ಅದೇ ವಾರ, ಬೇರೆ ರಾಜ್ಯದ ಕಾರ್ಮಿಕರಿಗೆ ಬಿಟ್ಟಿದ್ದ ರೈಲುಗಳನ್ನು ಕಟ್ಟಡ ಕೆಲಸ ಶುರುವಾಗುತ್ತದೆ ಎಂಬ ಕಾರಣಕ್ಕೆ ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟರು. ದುಡಿಯುವ ಕೈ ಬೇಕು, ಆ ಕೈಯ ಮನುಷ್ಯನ ಹೊಣೆ ಬೇಡ ಎಂಬುದು ಅಂದು ಎಲ್ಲರಿಗೂ ಕಾಣುವಂತಾಯಿತು.

ಅದಕ್ಕೂ ಎರಡು ತಿಂಗಳ ಮುಂಚೆ, 2020ರ ಜನವರಿಯಲ್ಲಿ, ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಜೆಸಿಬಿ ತಂದು ನೂರಾರು ಶೆಡ್ ಕೆಡವಿದ್ದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಪುಕಾರು ಎದ್ದಿತ್ತು. ನಿಜವಾಗಿ ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಆಧಾರ್, ವೋಟರ್ ಕಾರ್ಡ್ ಹಿಡಿದು ನಿಂತಿದ್ದರು. ಆ ಕಾರ್ಯಾಚರಣೆ ಕಾನೂನಿಗೆ ಒಪ್ಪುವಂಥದ್ದಲ್ಲ ಎಂದು ಹೈಕೋರ್ಟ್ ಹೇಳಿತು. ಅಮೆರಿಕದಲ್ಲಿ ಇದಕ್ಕೆ ತಿರುವು ಮುರುವು. ಬೀದಿಯಲ್ಲಿ ಮಲಗುವವರಿಗೆ ನಗರಗಳು ದಂಡ ಹಾಕಬಹುದು ಎಂದು 2024ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಮನೆ ಇಲ್ಲದಿರುವುದನ್ನೇ ಅಪರಾಧ ಮಾಡುವ ಬುದ್ಧಿ ಎರಡೂ ಕಡೆ ಇದೆ.

ಸಿಂಧನೂರಿಗೆ ಗೊತ್ತಿರುವ ಉತ್ತರ

‘ಮೊದಲು ಮನೆ’ ಎಂಬ ನೀತಿ ನೋಡಲು ಫಿನ್ಲೆಂಡಿಗೆ ಹೋಗಬೇಕಾಗಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಿಗೆ ಹೋಗಿ. ಪೂರ್ವ ಬಂಗಾಳದಿಂದ ಎಲ್ಲ ಕಳೆದುಕೊಂಡು ಓಡಿಬಂದ ಕುಟುಂಬಗಳನ್ನು 1970ರ ದಶಕದಲ್ಲಿ ಸರ್ಕಾರ ಇಲ್ಲಿಗೆ ತಂದು ನೆಲೆ ಮಾಡಿಸಿತು. ಬರ್ಮಾದಿಂದ ವಾಪಸ್ ಬಂದವರಿಗೂ ಇಲ್ಲಿ ಜಾಗ ಕೊಟ್ಟರು. ಬಂದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲ, ಈ ಎರೆಭೂಮಿಯ ಬೇಸಾಯ ಗೊತ್ತಿರಲಿಲ್ಲ. ಸರ್ಕಾರ ಅವರಿಗೆ ‘ಮೊದಲು ದುಡಿದು ತೋರಿಸಿ’ ಎನ್ನಲಿಲ್ಲ. ವಾಸಕ್ಕೆ ಮನೆ, ಉಳುಮೆಗೆ ಜಮೀನು ಕೊಟ್ಟಿತು.

ಪರಿಣಾಮ ನಮ್ಮ ಕಣ್ಣ ಮುಂದಿದೆ. ಆ ಮಂದಿ ಭತ್ತ ಬೆಳೆದರು, ವ್ಯಾಪಾರ ಮಾಡಿದರು, ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಕಲಿತರು. ಎಲ್ಲವೂ ಸಸೂತ್ರ ಆಯಿತೆಂದಲ್ಲ. ಜಾತಿ ಪ್ರಮಾಣಪತ್ರಕ್ಕೆ, ಪೌರತ್ವಕ್ಕೆ ದಶಕಗಳ ಕಾಲ ಅಲೆದರು. ಕೆಲವರಿಗೆ ಪೌರತ್ವದ ಪತ್ರ ಕೈಸೇರಿದ್ದು 2024ರಲ್ಲಿ. ಆದರೂ ಅವರು ಬೀದಿಗೆ ಬೀಳಲಿಲ್ಲ. ಕಾರಣ ಸರಳ. ಕಾಲೂರಲು ಜಾಗ ಸಿಕ್ಕಿತ್ತು.

ಹಟ್ಟಿಯನ್ನೂ ನೋಡಿ. ಲಿಂಗಸುಗೂರು ತಾಲ್ಲೂಕಿನ ಈ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿ. ಗಣಿ ಕಾರ್ಮಿಕನಿಗೆ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಬೇಕು ಎಂದು ಅದಕ್ಕೆ ಗೊತ್ತು. ಅದೇ ತಾಲ್ಲೂಕಿನ ತಾಂಡಾದಿಂದ ಹೋದ ಕಾರ್ಮಿಕ ಬೆಂಗಳೂರಿನಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಕಟ್ಟುತ್ತಾನೆ. ಅವನ ಕೆಲಸವೂ ಅಪಾಯದ್ದೇ. ಅವನಿಗೆ ಮಾತ್ರ ತಾಡಪತ್ರಿ ಸಾಕು ಎಂದು ತೀರ್ಮಾನಿಸಿದ್ದು ಯಾರು?

ಕಾನೂನಂತೂ ಹಾಗೆ ಹೇಳಿಲ್ಲ. ಕಟ್ಟಡ ಕಾರ್ಮಿಕರ 1996ರ ಕೇಂದ್ರ ಕಾಯ್ದೆಯ 34ನೇ ಸೆಕ್ಷನ್ ಓದಿ. ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಕಾರ್ಮಿಕರಿಗೆ ತಾತ್ಕಾಲಿಕ ವಸತಿಯನ್ನು ಮಾಲೀಕ ಪುಕ್ಕಟೆ ಕೊಡಬೇಕಿತ್ತು. ಅದರಲ್ಲಿ ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು ಬೇರೆ ಜಾಗ ಇರಬೇಕು, ಶೌಚಾಲಯ ಇರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರು. ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಕೂಸುಗಳಿಗೆ ಕೋಣೆ ಇರಬೇಕು ಎಂದೂ ಇತ್ತು. ಕಾಗದದ ಮೇಲೆ ಇಷ್ಟೆಲ್ಲ ಇದ್ದು ಇಷ್ಟು ವರ್ಷ ನಮ್ಮ ಮಂದಿ ಬದುಕಿದ್ದು ನೀಲಿ ಶೆಡ್‌ನಲ್ಲಿ.

ಇನ್ನೊಂದು ತೊಡಕು. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರಿಗೆ ಮಾತ್ರ ಇತ್ತು. ಹೈದರಾಬಾದಿಗೋ ಪುಣೆಗೋ ಹೋದರೆ ಅದರಲ್ಲಿ ನೀವು ವಲಸೆ ಕಾರ್ಮಿಕರಾಗಿದ್ದಿರಿ. ಮಸ್ಕಿಯಿಂದ ನಾನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದರೆ ಆ ಕಾಯ್ದೆಯ ಕಣ್ಣಿಗೆ ನೀವು ಕಾಣುತ್ತಲೇ ಇರಲಿಲ್ಲ.

ಗ್ಯಾರಂಟಿಗಳ ಮಾತು

ಈಗ ‘ಬಿಟ್ಟಿ ಭಾಗ್ಯ’ದ ವಿಷಯ. ಸಿಂಧನೂರಿನ ಭತ್ತದ ರೈತರು, ಮಸ್ಕಿಯ ಹತ್ತಿ ಬೆಳೆಗಾರರು ಒಂದು ದೂರು ಹೇಳುತ್ತಾರೆ. ‘ಅಕ್ಕಿ, ಎರಡು ಸಾವಿರ ರೂಪಾಯಿ ಸಿಕ್ಕ ಮೇಲೆ ಆಳು ಸಿಗುತ್ತಿಲ್ಲ.’ ಈ ದೂರನ್ನು ನಾನು ಹಗುರ ಮಾಡುವುದಿಲ್ಲ. ಹತ್ತಿ ಒಡೆದು ನಿಂತಾಗ ಬಿಡಿಸುವವರು ಸಿಗದಿದ್ದರೆ ರೈತನ ಹೊಟ್ಟೆ ಉರಿಯುತ್ತದೆ. ಅವನಿಗೂ ಬೆಲೆ ಸಿಗುತ್ತಿಲ್ಲ, ಸಾಲ ಇದೆ.

ಆದರೆ ಸ್ವಲ್ಪ ಲೆಕ್ಕ ಮಾಡಿ. ತಿಂಗಳಿಗೆ 2,000 ರೂಪಾಯಿ ಎಂದರೆ ದಿನಕ್ಕೆ 67 ರೂಪಾಯಿಗೂ ಕಡಿಮೆ. ಅಷ್ಟರಲ್ಲಿ ಒಂದು ಸಂಸಾರ ಕುಳಿತು ಉಣ್ಣಲು ಆಗುತ್ತದೆಯೇ? ಕುಳಿತು ಉಣ್ಣುವಷ್ಟು ಸಿಕ್ಕಿದ್ದರೆ ಬೆಂಗಳೂರಿನ ಬಸ್ಸುಗಳು ಖಾಲಿ ಹೋಗಬೇಕಿತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿದೆ. ಆ ಟಿಕೆಟ್ ಹಿಡಿದು ಅವರು ಹೋಗುತ್ತಿರುವುದು ದೇವಸ್ಥಾನಕ್ಕಷ್ಟೇ ಅಲ್ಲ, ಚೀಲ, ಪಾತ್ರೆ, ಕೂಸು ಕಟ್ಟಿಕೊಂಡು ದುಡಿಯಲು.

ಗ್ಯಾರಂಟಿ ಮಾಡಿದ್ದು ಇಷ್ಟು. ಮೊದಲು ಮುಂಗಡದ ಹಂಗಿನಲ್ಲಿ, ಸಿಕ್ಕಷ್ಟಕ್ಕೆ ದುಡಿಯಬೇಕಿತ್ತು. ಈಗ ಮನೆಯಲ್ಲಿ ಒಂದಿಷ್ಟು ಅಕ್ಕಿ ಇರುವುದರಿಂದ ‘ಈ ಕೂಲಿಗೆ ಆಗಲ್ರಿ’ ಎನ್ನುವ ಧೈರ್ಯ ಬಂದಿದೆ. 2013ರಲ್ಲಿ ಅನ್ನಭಾಗ್ಯ ಬಂದಾಗಲೂ ಇದೇ ಬೈಗುಳ ಇತ್ತು. ಹಸಿದ ಮನುಷ್ಯನ ಕೂಲಿ ಅಗ್ಗ, ಉಂಡ ಮನುಷ್ಯನ ಕೂಲಿ ತುಸು ತುಟ್ಟಿ. ಅದನ್ನು ಸೋಮಾರಿತನ ಎನ್ನುವುದು ನ್ಯಾಯವಲ್ಲ. ರೈತನಿಗೆ ಆ ಕೂಲಿ ಕೊಡುವ ಶಕ್ತಿ ಬರಬೇಕಾದರೆ ಅವನ ಹತ್ತಿಗೆ, ಭತ್ತಕ್ಕೆ ಬೆಲೆ ಸಿಗಬೇಕು. ಆ ಜಗಳ ಮಾರುಕಟ್ಟೆ ಮತ್ತು ಸರ್ಕಾರದ ಜೊತೆ ಮಾಡಬೇಕು, ಕೂಲಿ ಹೆಣ್ಣುಮಗಳ ಜೊತೆ ಅಲ್ಲ.

ಅದೇ ಹೊತ್ತಿಗೆ ಗ್ಯಾರಂಟಿಗಳನ್ನು ಹೊಗಳುವವರಿಗೂ ಒಂದು ಮಾತು. ಈ ಯೋಜನೆಗಳೆಲ್ಲ ಒಂದು ಕಡೆ ನೆಲೆ ನಿಂತ ಮನುಷ್ಯನಿಗಾಗಿ ಮಾಡಿದವು. ಗೃಹಜ್ಯೋತಿಗೆ ಮೀಟರ್ ಬೇಕು, ಶೆಡ್ಡಿಗೆ ಮೀಟರ್ ಇಲ್ಲ. ಪಡಿತರ ಚೀಟಿ ಊರಿನದು. ಯಾವ ಅಂಗಡಿಯಲ್ಲಾದರೂ ಅಕ್ಕಿ ತೆಗೆದುಕೊಳ್ಳಬಹುದು ಎಂಬ ನಿಯಮ ಬಂದಿದ್ದರೂ, ಊರಲ್ಲಿ ಮುದುಕರು ಉಣ್ಣಬೇಕು, ಬೆಂಗಳೂರಲ್ಲಿ ಮಗ ಸೊಸೆ ಉಣ್ಣಬೇಕು. ಚೀಟಿ ಒಂದೇ, ಒಲೆ ಎರಡು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ನಾಲ್ಕು ಮೇಸ್ತ್ರಿಗಳ ಕೈಕೆಳಗೆ ದುಡಿದವನಿಗೆ ಯಾರು ಸಹಿ ಹಾಕಿಕೊಡುತ್ತಾರೆ? ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಆ ಮಂಡಳಿಗೆ ಹೋಗುತ್ತದೆ. ಕಟ್ಟಿದವನ ಹೆಸರು ಮಾತ್ರ ಪುಸ್ತಕದಲ್ಲಿ ಇರುವುದಿಲ್ಲ.

ಮನೆ ಯೋಜನೆಯೂ ಹಾಗೆಯೇ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಮನೆ ಕಟ್ಟಲು ಜಾಗ ಬೇಕು. ಜಾಗವೇ ಇಲ್ಲದವನು, ಅಣ್ಣತಮ್ಮಂದಿರ ನಡುವೆ ಪಾಲಾಗದ ಒಂದೇ ಮನೆಯವನು, ತಾಂಡಾದಲ್ಲಿ ಹಕ್ಕುಪತ್ರ ಇಲ್ಲದವನು ಸಾಲಿನ ಕೊನೆಗೆ ಹೋಗುತ್ತಾನೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಬಂಜಾರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಒಳ್ಳೆಯ ಕೆಲಸ. ಇಷ್ಟು ತಲೆಮಾರು ಅವರು ಕಾಗದವಿಲ್ಲದೆ ಬದುಕಿದ್ದರು ಎಂಬುದೂ ಅದರಿಂದಲೇ ಗೊತ್ತಾಗುತ್ತದೆ.

ನಾವು ಕೇಳಬೇಕಾದದ್ದು

ಕಾಲುವೆ ನೀರು ಬಂದರೆ ಗುಳೆ ಕಡಿಮೆಯಾಗುತ್ತದೆ ಎಂಬುದು ನಿಜ. ಸಿಂಧನೂರೇ ಅದಕ್ಕೆ ಸಾಕ್ಷಿ. ಅದಕ್ಕೇ ಮಸ್ಕಿ ತಾಲ್ಲೂಕಿನ ರೈತರು 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಆದರೆ ನೀರಿನ ಮೇಲೆ ಎಲ್ಲ ಭಾರ ಹಾಕಲು ಆಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸಿಂಧನೂರು ಹೇಗೆ ನಡುಗಿತು ಎಂದು ನೆನಪಿದೆ. ಎರಡನೇ ಬೆಳೆಗೆ ನೀರು ಬರದ ವರ್ಷ ನೀರಾವರಿ ಊರಿನ ಕೂಲಿಕಾರರೂ ಬಸ್ ಹತ್ತುತ್ತಾರೆ. ಹಾಗಾಗಿ ನೀರಿಗೆ ಹೋರಾಡುತ್ತಲೇ ಇನ್ನು ಕೆಲವನ್ನು ಕೇಳಬೇಕು.

ಮೊದಲನೆಯದು ಎಣಿಕೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಗುಳೆ ಹೋಗುವವರ ಪುಸ್ತಕ ಇರಬೇಕು. ಯಾರು, ಎಲ್ಲಿಗೆ, ಯಾವ ಮೇಸ್ತ್ರಿ ಜೊತೆ, ಜೊತೆಗೆ ಎಷ್ಟು ಮಕ್ಕಳು ಎಂದು ಬರೆದಿಡಬೇಕು. ಲಾಕ್‌ಡೌನ್‌ನಲ್ಲಿ ಈ ಪಟ್ಟಿ ಇಲ್ಲದ್ದಕ್ಕೇ ಯಾರು ಎಲ್ಲಿದ್ದಾರೆ ಎಂದು ಯಾರಿಗೂ ತಿಳಿಯಲಿಲ್ಲ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ತಲೆ ಎಣಿಕೆ ನಡೆಯುವ ಫೆಬ್ರವರಿಯಲ್ಲಿ ನಮ್ಮ ಅರ್ಧ ಓಣಿ ಬೆಂಗಳೂರಿನಲ್ಲಿರುತ್ತದೆ. ಶೆಡ್‌ಗಳಿಗೆ ಎಣಿಕೆಯವರು ಹೋಗದಿದ್ದರೆ ಅವರು ಇಲ್ಲೂ ಇಲ್ಲ, ಅಲ್ಲೂ ಇಲ್ಲ. ನಿಮ್ಮವರಿಗೆ ಈಗಲೇ ಫೋನ್ ಮಾಡಿ ಹೇಳಿ: ಎಣಿಸುವವರು ಬಂದರೆ ಹೆಸರು ಬರೆಸಿ, ಬರದಿದ್ದರೆ ಕೇಳಿ ಬರೆಸಿ.

ಎರಡನೆಯದು ದುಡಿಯುವ ಊರಲ್ಲಿ ಸೂರು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಕಂಜಿಕ್ಕೋಡ್‌ನಲ್ಲಿ ಹೊರರಾಜ್ಯದ ಕಾರ್ಮಿಕರಿಗಾಗಿ ಅಲ್ಲಿಯ ಸರ್ಕಾರ 2019ರಲ್ಲಿ ‘ಅಪ್ನಾ ಘರ್’ ಎಂಬ ಹಾಸ್ಟೆಲ್ ತೆರೆಯಿತು. ಆರುನೂರಕ್ಕೂ ಹೆಚ್ಚು ಮಂದಿ ಇರಬಹುದಾದ ಕಟ್ಟಡ ಅದು. ಹಿಂದಿ ಮಾತಾಡುವ ಪರರಾಜ್ಯದವನಿಗೆ ಕೇರಳ ಇದನ್ನು ಮಾಡಬಹುದಾದರೆ, ಕನ್ನಡ ಮಾತಾಡುವ ತನ್ನದೇ ಮಂದಿಗೆ ಕರ್ನಾಟಕ ಮಾಡಬಾರದೇ? ಸೆಸ್ ದುಡ್ಡಿರುವುದು ಇಂಥದ್ದಕ್ಕೇ. ಒಂಟಿ ಗಂಡಸರಿಗಷ್ಟೇ ಅಲ್ಲ, ಕುಟುಂಬಕ್ಕೂ ಕೋಣೆ ಬೇಕು. ನಮ್ಮವರು ಹೋಗುವುದೇ ಹೆಂಡತಿ ಮಕ್ಕಳ ಜೊತೆ.

ಮೂರನೆಯದು ಊರಲ್ಲಿ ಉಳಿದವರ ಕಾಳಜಿ. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ಮುದುಕರು ಔಷಧಿ ತರಬೇಕೋ, ಮೊಮ್ಮಗುವಿಗೆ ಹಾಲು ತರಬೇಕೋ? ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ಶಾಲೆಗಳು ಹಿಂದೆ ನಡೆದಿವೆ. ಗುಳೆ ಹೆಚ್ಚಿರುವ ಊರುಗಳಲ್ಲಿ ಅವು ಪ್ರತಿ ವರ್ಷ ನವೆಂಬರ್‌ಗೇ ಶುರುವಾಗಬೇಕು. ಜನವರಿಯಲ್ಲಿ ಮಂಜೂರಾತಿ ಬಂದರೆ ಅಷ್ಟರಲ್ಲಿ ಮಕ್ಕಳು ಶೆಡ್ ಸೇರಿರುತ್ತಾರೆ. ಪಂಚಾಯಿತಿಯ ‘ಕೂಸಿನ ಮನೆ’ ನಿಮ್ಮೂರಲ್ಲಿ ಬಾಗಿಲು ತೆರೆದಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ.

ನಾಲ್ಕನೆಯದು ಊರಲ್ಲೇ ಕೆಲಸ. ಉದ್ಯೋಗ ಖಾತ್ರಿಯ ಹೆಸರು, ನಿಯಮ ಏನೇ ಬದಲಾಗಲಿ, ಕೂಲಿಕಾರರು ಕೇಳುವುದು ಎರಡೇ: ಅರ್ಜಿ ಹಾಕಿದಾಗ ಕೆಲಸ, ದುಡಿದ ವಾರಕ್ಕೆ ಕೂಲಿ. ಮೂರು ತಿಂಗಳು ಕಾದು ಕೂಲಿ ಪಡೆಯುವಷ್ಟು ತಾಳ್ಮೆ ಹೊಟ್ಟೆಗಿಲ್ಲ. ನಮ್ಮ ಜಿಲ್ಲೆಯಲ್ಲಿ ಗ್ರಾಕೂಸ್‌ನಂಥ ಕೂಲಿಕಾರರ ಸಂಘಟನೆಗಳು ಇದನ್ನೇ ಕೇಳುತ್ತ ಬಂದಿವೆ. ನಮೂನೆ 6ರಲ್ಲಿ ಅರ್ಜಿ ಕೊಟ್ಟು ರಶೀದಿ ಪಡೆಯುವುದನ್ನು ಅನೇಕ ಹೆಣ್ಣುಮಕ್ಕಳು ಕಲಿತದ್ದೇ ಅಂಥ ಸಂಘಟನೆಗಳಿಂದ.

ಕೊನೆಗೆ ಒಂದು ಸಣ್ಣ ಕಾಗದ ನೋಡಲು ಹೇಳುತ್ತೇನೆ. ನಿಮ್ಮ ಮನೆ ಕರದ ರಶೀದಿ ತೆಗೆಯಿರಿ. ಗ್ರಂಥಾಲಯ, ಆರೋಗ್ಯ, ಶಿಕ್ಷಣದ ಕರಗಳ ಸಾಲಿನಲ್ಲಿ ಭಿಕ್ಷುಕರ ಕರ ಎಂದು ಶೇ 3ರಷ್ಟು ಇರುತ್ತದೆ. 1975ರ ಕಾಯ್ದೆಯ ಹೆಸರಿನಲ್ಲಿ ನೆಲೆಯಿಲ್ಲದವರ ಆರೈಕೆಗೆಂದು ನಾವೆಲ್ಲ ಕಟ್ಟುವ ದುಡ್ಡು ಅದು. ಆ ದುಡ್ಡಿನ ನಿರಾಶ್ರಿತರ ಕೇಂದ್ರದಲ್ಲೇ, ಬೆಂಗಳೂರಿನಲ್ಲಿ, 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂದರೆ ಗುಡಿಸಲಲ್ಲಿ ಇರುವ ಬಡವನೂ ತನಗಿಂತ ಬಡವನಿಗಾಗಿ ಕರ ಕಟ್ಟುತ್ತಿದ್ದಾನೆ. ಆ ದುಡ್ಡು ಎಲ್ಲಿಗೆ ಹೋಗುತ್ತಿದೆ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಅದರಿಂದ ಏನು ಸಿಕ್ಕಿದೆ ಎಂದು ಕೇಳುವ ಹಕ್ಕು ಆ ರಶೀದಿ ಹಿಡಿದ ಪ್ರತಿಯೊಬ್ಬರಿಗೂ ಇದೆ.

ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನವನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಅದರಿಂದ. ಆದರೆ ಅದರೊಳಗಿನ ವಿಷಯ ನಾವು ಹೆಚ್ಚು ಹೇಳುವುದಿಲ್ಲ. ಒಳ್ಳೆಯದು ದೊಡ್ಡವರ ಪಾಲಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವರಿಗೂ ದಕ್ಕುತ್ತದೆ, ಇದನ್ನು ಇಬ್ಬರಿಗೂ ತಿಳಿಸಿ ಎಂಬುದು ಅದರ ಭಾವ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮೂರ ಬಂಡೆಯ ಮೇಲೆ ಕೆತ್ತಿದ ಮಾತು. ಆ ಬಂಡೆಯ ಸುತ್ತಲಿನ ಊರುಗಳಿಂದ ಈ ವರ್ಷವೂ ದೀಪಾವಳಿ ಮುಗಿದ ಕೂಡಲೇ ಮಂದಿ ಬಸ್ ಹತ್ತುತ್ತಾರೆ. ಅವರು ಹತ್ತುವ ಮುಂಚೆಯೇ ನಮ್ಮ ಪಂಚಾಯಿತಿ ಮುಂದೆ ಈ ನಾಲ್ಕು ಬೇಡಿಕೆ ಇಡೋಣ. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ನಾಳೆಯೇ ಕೇಳಿ.